ಗುರುರಾಜನ ಗಾಲಿಮನಿ

ಗುರುರಾಜ ಗಾಲಿಗಳ ಮೇಲಿನ ಮನೆಯೊಂದನ್ನು ಕೊಂಡುಕೊಂಡಿದ್ದಕ್ಕೆ ಒಂದು ಬಶಿ ಚಹಾ ಕಾರಣ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹಾಗೆಯೇ.

ವಾಡಿಯ ಸಿಮೆಂಟು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಅವನು ಗುಮಾಸ್ತ. ಆ ಸಂಜೆ ಕೆಲಸ ಮುಗಿಸಿ ಬಂದು, ಚಾಳಿನ ತನ್ನ ಎರಡು ಕೋಣೆಯ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಹೆಂಡತಿ ಸುಮಿತ್ರಾಬಾಯಿ ಚಹಾ ತಂದು ಮುಂದಿಟ್ಟು, ಹೊಸ್ತಿಲ ಹತ್ತಿರ ಕೂತು ಅಕ್ಕಿ ಆರಿಸತೊಡಗಿದಳು. ಒಬ್ಬಳೇ ಮಗಳು ಶ್ರೀವಾಣಿ ಆ ವರ್ಷವೇ ಮದುವೆಯಾಗಿ ರಾಯಚೂರಿಗೆ ಹೋಗಿದ್ದಳು. ಅವಳು ಹೋಗುವವರೆಗೆ ಈ ಗಂಡಹೆಂಡಿರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಅದೇನೆಂದರೆ, ಇಷ್ಟು ವರ್ಷ ತಾವು ಮಾತಾಡಿದ್ದೆಲ್ಲ ಮಗಳ ಮೂಲಕ ಎಂಬುದು. "ವಾಣಿ, ನಿಮ್ಮಪ್ಪಗ ಊಟಕ್ಕ ಏಳು ಅನ್ನು" ಎಂದು ಇವಳು, "ವಾಣಿ, ಸಾರಿಗೆ ಉಪ್ಪು ಬಿದ್ದದೋ ಇಲ್ಲೋ ನಿಮ್ಮವ್ವನ್ನ ಕೇಳು" ಎಂದು ಅವನು. ಈಗ ನಡುವಿನ ಟೆಲಿಫೋನ್ ಎಕ್ಸ್‌ಚೇಂಜೇ ಮುಚ್ಚಿಹೋದಂತಾಗಿತ್ತು. ಎರಡೂ ಕಡೆ ರಿಸೀವರ್ ಹಿಡಿದು ಕೂತಿದ್ದರು, ಗಂಟೆ ಮಾತ್ರ ಬಡಿಯುತ್ತಿರಲಿಲ್ಲ.

ಆ ಸಂಜೆ ಗುರುರಾಜ ಧೈರ್ಯ ಮಾಡಿ, "ಸುಮಿತ್ರಾ" ಎಂದ.

ಅವಳು ಮೊರದಿಂದ ತಲೆ ಎತ್ತಿದಳು. ಅಷ್ಟರಲ್ಲಿ ಪಕ್ಕದ ಮನೆಯ ಗುರುಲಿಂಗಯ್ಯನವರು ಒಳಗೆ ಬಂದೇಬಿಟ್ಟರು.

"ಏನ್ರಿ ರಾಯರ, ಚಹಾ ಆರಲಿಕತ್ತದ, ನೀವು ಮಾರಿ ನೋಡ್ಕೋತ ಕುಂತೀರಿ!" ಎಂದು ಬಶಿಗೆ ಸುರುವಿಕೊಂಡು, ಸೊರ್ರೆಂದು ಎಳೆದು, ತಮ್ಮ ಮೊಣಕಾಲು ನೋವಿನಿಂದ ಆರಂಭಿಸಿ ದಿಲ್ಲಿ ಸರಕಾರದವರೆಗೆ ದೀಪ ಹಚ್ಚುವ ತನಕ ಮಾತಾಡಿದರು. ಅವರು ಎದ್ದು ಹೋದಾಗ ಗುರುರಾಜನಿಗೆ ತಾನು ಏನು ಹೇಳಲು ಹೊರಟಿದ್ದೆ ಎಂಬುದೇ ಮರೆತುಹೋಗಿತ್ತು. ಸುಮಿತ್ರಾಬಾಯಿ ಅಕ್ಕಿ ಎತ್ತಿಕೊಂಡು ಒಳಗೆ ಹೋಗಿದ್ದಳು.

ಗುರುಲಿಂಗಯ್ಯನವರು ಕೆಟ್ಟವರಲ್ಲ. ನಿವೃತ್ತ ಪೋಸ್ಟ್ ಮಾಸ್ತರರು. ಜೀವಮಾನವೆಲ್ಲ ಮಂದಿಯ ಕಾಗದಗಳನ್ನು ಒಡೆಯದೆ ಮುಟ್ಟಿಸಿದ ಸಂಕಟವನ್ನು ಈಗ ಮಂದಿಯ ಸಂಸಾರಗಳನ್ನು ಒಡೆದು ಓದಿ ತೀರಿಸಿಕೊಳ್ಳುತ್ತಿದ್ದರು, ಅಷ್ಟೇ. ಇನ್ನು ಆ ಚಾಳಿನಲ್ಲಿ ಹಗಲು ಬಾಗಿಲು ಹಾಕುವ ರೂಢಿ ಯಾರಿಗೂ ಇರಲಿಲ್ಲ. ಹಾಕಿದರೆ ಒಳಗೆ ಯಾರದೋ ಜೀವ ಹೋಗಿದೆ ಎಂದೋ, ಇಲ್ಲವೇ ತುಪ್ಪ ಕಾಯಿಸುತ್ತಿದ್ದಾರೆ ಎಂದೋ ತಿಳಿದು ಇನ್ನಷ್ಟು ಜನ ಬರುತ್ತಿದ್ದರು.

ಇದಾದ ಕೆಲವೇ ದಿನಕ್ಕೆ ಕಾರ್ಖಾನೆಯಲ್ಲಿ ಹಳೆಯ ಸಾಮಾನಿನ ಹರಾಜು ನಡೆಯಿತು. ಹಿಂದೊಮ್ಮೆ ಯಾವುದೋ ಯಂತ್ರ ಕೂಡಿಸಲು ಬಂದ ಪರದೇಶಿ ಇಂಜಿನಿಯರರು, ಮೋಟಾರಿಗೆ ಕಟ್ಟಿ ಎಳೆದೊಯ್ಯುವ ಎರಡು ಗಾಲಿಯ ಸಣ್ಣ ಮನೆಯೊಂದನ್ನು ತಂದಿದ್ದರು. ಹೋಗುವಾಗ ಇಲ್ಲಿಯೇ ಬಿಟ್ಟುಹೋಗಿದ್ದರು. ಗುಜರಿಯವರು ಅದನ್ನು ತಟ್ಟಿ ನೋಡಿ, ಕಬ್ಬಿಣಕ್ಕಿಂತ ಹಲಗೆಯೇ ಹೆಚ್ಚೆಂದು ಮೂಗು ಮುರಿದರು. ಕೂಲಿಗಳ ಹಾಜರಿ ತೆಗೆದುಕೊಳ್ಳಲು ಅಲ್ಲಿಗೆ ಹೋಗಿದ್ದ ಗುರುರಾಜ ಸುಮ್ಮನೆ ಒಳಗೆ ಇಣುಕಿದ. ಎದುರುಬದುರು ಎರಡು ಬೆಂಚು. ನಡುವಿನ ಮೇಜನ್ನು ಕೆಳಗಿಳಿಸಿದರೆ ಅದೇ ಹಾಸಿಗೆ. ಮೂಲೆಯಲ್ಲಿ ಊಟದ ತಾಟಿನಷ್ಟೇ ದೊಡ್ಡ ಒಂದು ತೊಟ್ಟಿ, ಒಂದು ಗೂಡು, ಒಂದು ಕಿಟಕಿ. ಬೆಂಚಿನ ಮೇಲೆ ಕೂತು ಬಾಗಿಲು ಎಳೆದುಕೊಂಡ. ಹಗಲಿರುಳು ನಿಲ್ಲದ ಕಲ್ಲು ಪುಡಿಮಾಡುವ ಯಂತ್ರದ ಸದ್ದು ಒಮ್ಮೆಲೆ ಬೇರೆ ಊರಿನದೆಂಬಂತೆ ದೂರ ಸರಿಯಿತು. ಇಲ್ಲಿ ಇಬ್ಬರು ಕೂತು ಮಾತಾಡಬಹುದು ಎನಿಸಿತು ಅವನಿಗೆ. ಹೊರಗೆ ಬಂದು, "ಇದನ್ನ ನನಗ ಕೊಡ್ರಿ" ಎಂದ. ಜ್ವರ ಬಂದವನನ್ನು ನೋಡುವ ಹಾಗೆ ನೋಡಿ, ಹರಾಜು ನಡೆಸುತ್ತಿದ್ದ ಸಾಹೇಬರು ಕೊಟ್ಟರು.

ಟ್ರ್ಯಾಕ್ಟರು ಅದನ್ನು ಎಳೆದು ತಂದು ಚಾಳಿನ ಮುಂದಿನ ಬಯಲಿನಲ್ಲಿ ನಿಲ್ಲಿಸಿದ ದಿನವೇ ಜನ ಅದಕ್ಕೆ 'ಗಾಲಿಮನಿ' ಎಂದು ಹೆಸರಿಟ್ಟರು. ಮನೆಯನ್ನು ಕೊಳ್ಳುವುದು ಸುಲಭ, ಗಾಲಿಯಿರುವ ಮನೆಯನ್ನು ಸಾಕುವುದು ಎಮ್ಮೆ ಸಾಕಿದಷ್ಟೇ ಕಷ್ಟ ಎಂಬುದು ಗುರುರಾಜನಿಗೆ ನಿಧಾನವಾಗಿ ತಿಳಿಯಿತು. ವರ್ಷಗಟ್ಟಲೆ ಅದರ ತಲೆಯ ಮೇಲೆ ಸಿಮೆಂಟಿನ ಧೂಳು ಬಿದ್ದು, ಮಳೆ ಬಿದ್ದು, ಗಟ್ಟಿಯಾಗಿ, ತಗಡಿನ ಸೂರು ಸ್ಲ್ಯಾಬೇ ಆಗಿಹೋಗಿತ್ತು. ರಜೆಯ ದಿನವೆಲ್ಲ ಮೇಲೆ ಹತ್ತಿ ಉಳಿ ಹಿಡಿದು ಕೆತ್ತಿದ. ಗೂಡಿನಲ್ಲಿ ಪಾರಿವಾಳಗಳು ಮೊಮ್ಮಕ್ಕಳನ್ನು ಕಂಡಿದ್ದವು. ಅವುಗಳನ್ನು ಬೇರೆ ಕಡೆ ಕಳಿಸಿದ. ಟೈರುಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು, ಜೀಪಿನ ಹಳೆಯ ಟೈರು ಹಾಕಿಸಿದ. ಗಾಲಿಯ ಬೇರಿಂಗಿಗೆ ಗ್ರೀಸು ತುಂಬಿ ತುಂಬಿ ಅವನ ಕೈ ಎಷ್ಟು ಕಪ್ಪಾಗಿತ್ತೆಂದರೆ, ಸುಮಿತ್ರಾಬಾಯಿ ಅವನಿಗೆ ಬೇರೆ ಸೋಪು ತೆಗೆದಿಟ್ಟಳು. ಅದೂ ಮಾತಿಲ್ಲದೆ.

ಈ ಕೆಲಸ ನಡೆಯುವಷ್ಟು ದಿನ ಗುರುಲಿಂಗಯ್ಯನವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿರುತ್ತಿದ್ದರು. ಕೆಳಗಿನ ಹಲಗೆ ಕೊಳೆತಿದ್ದನ್ನು ಕಂಡ ದಿನ ಅವರ ಉತ್ಸಾಹ ಹೇಳತೀರದು.

"ರಾಯರ, ಪ್ಲೈವುಡ್ ನಂಬಬ್ಯಾಡ್ರಿ. ನಮ್ಮ ಭಾವ ಶಹಾಬಾದದಾಗ ಪಾಲಿಶ್ ಮಷೀನ್ ಇಟ್ಟಾನ. ಕಲ್ಲಿನ ಪರಸಿ ಹಾಕಿಸಿಬಿಡೋಣು. ನಿಮ್ಮ ಮಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ."

"ಅಯ್ಯಾರ, ಇದು ಅಳ್ಳಾಡಬೇಕ್ರಿ. ಗಾಲಿ ಇರೋದು ಅದಕ್ಕ."

"ನೀವು ಸುಮ್ಕಿರ್ರಿ. ನಿಮಗ ತಿಳಿಯಂಗಿಲ್ಲ."

ಮರುದಿನ ಗುರುರಾಜ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಗಾಲಿಮನೆಯ ತುಂಬ ಶಹಾಬಾದಿನ ಬೂದುನೀಲಿ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ನೀಲಾಬಾಯಿ, ಅಂದರೆ ಗುರುಲಿಂಗಯ್ಯನವರ ಹೆಂಡತಿ, ಅದರ ಮೇಲೆ ರಂಗೋಲಿಯನ್ನೂ ಹಾಕಿದ್ದಳು. ಟೈರುಗಳು ಮಾತ್ರ ನೆಲಕ್ಕೆ ಚಪ್ಪಟೆಯಾಗಿ, ಭಾರ ಹೊತ್ತ ಕತ್ತೆಯ ಹಾಗೆ ಅವನ ಮುಖ ನೋಡುತ್ತಿದ್ದವು.

ತೊಂಬತ್ತೊಂಬತ್ತರ ಕಾರ್ತೀಕದಲ್ಲಿ, ದೀಪಾವಳಿ ಮುಗಿದ ಮೇಲೆ, ಕಡೆಗೂ ಮುಹೂರ್ತ ಕೂಡಿಬಂತು. ಚಿಂಚೋಳಿಯ ಆಚೆ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಮಜೀದಸಾಬನ ಬಾಡಿಗೆ ಜೀಪಿಗೆ ಗಾಲಿಮನೆಯನ್ನು ಕಟ್ಟಿ ಐತವಾರ ಬೆಳಿಗ್ಗೆ ಹೊರಡುವುದು, ನೀರಿನ ದಂಡೆಯಲ್ಲಿ ತಮ್ಮಿಬ್ಬರನ್ನು ಬಿಟ್ಟು ಅವನು ತಿರುಗಿ ಬರುವುದು, ಮರುದಿನ ಬಂದು ಎಳೆದೊಯ್ಯುವುದು. ಇದು ಗುರುರಾಜನ ಲೆಕ್ಕ. ಸುಮಿತ್ರಾಬಾಯಿಗೆ ಪಿಸುಮಾತಿನಲ್ಲಿ ಹೇಳಿದ: "ಇಬ್ಬರೇ ಹೋಗೋಣು. ಬಾಗಿಲ ಹಾಕ್ಕೊಂಡು ನಿವಾಂತ ಕುಂತು ಮಾತಾಡೋಣು. ಯಾರಿಗೂ ಹೇಳಬ್ಯಾಡ."

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, "ಆಗ್ಲಿ" ಎಂದಳು.

ಐತವಾರ ಬೆಳಕು ಹರಿಯುವ ಹೊತ್ತಿಗೆ ಮಜೀದಸಾಬ ಜೀಪು ತಂದು ಕೊಂಡಿ ಸಿಕ್ಕಿಸುತ್ತಿದ್ದ. ಗುರುರಾಜ ಕಳ್ಳಹೆಜ್ಜೆಯಲ್ಲಿ ನೀರಿನ ಕೊಡ ಹೊತ್ತು ಬಂದು ಗಾಲಿಮನೆಯ ಬಾಗಿಲು ತೆರೆದರೆ, ಒಳಗೆ ಗುರುಲಿಂಗಯ್ಯನವರು ಬೆಂಚಿನ ಮೇಲೆ ಪದ್ಮಾಸನ ಹಾಕಿ ಕೂತಿದ್ದಾರೆ! ಪಕ್ಕದಲ್ಲಿ ನೀಲಾಬಾಯಿ, ತೊಡೆಯ ಮೇಲೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಎದುರಿನ ಬೆಂಚಿನಲ್ಲಿ ಚಾಳಿನ ಕೊನೆಯ ಮನೆಯ ಬಳೆಗಾರ್ತಿ ಸೈದಾನಬಿ, ಸುತ್ತ ಅವಳ ಬಳೆಯ ಗಂಟುಗಳು.

"ಬರ್ರಿ ಬರ್ರಿ, ಯಾಕ ಹೊರಗ ನಿಂತೀರಿ? ಕುಂದ್ರಿ" ಎಂದರು ಗುರುಲಿಂಗಯ್ಯನವರು, ಮನೆಯ ಯಜಮಾನರಂತೆ. "ಚಿತ್ತಾಪುರದಾಗ ನನ್ನ ತಂಗಿ ಮಗಳ ಮನಿ ಅದ. ಅಲ್ಲಿ ಇಳೀತೀವಿ."

"ನಾ ಕಾಳಗಿ ಸಂತಿಗಿ, ಸಾಬ್" ಎಂದಳು ಸೈದಾನಬಿ. "ಬಸ್ಸಿನಾಗ ಬಳಿ ಒಡೀತಾವ."

ಗುರುರಾಜ ಹೆಂಡತಿಯ ಕಡೆ ನೋಡಿದ. ಅವಳು ಆಕಾಶದ ಕಡೆ ನೋಡುತ್ತಿದ್ದಳು. ಮಜೀದಸಾಬ ಕೈ ಜಾಡಿಸಿದ. "ಖುದಾ ಕಸಮ್, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲರಿ." ಹೆಂಗಸರ ಜೊತೆ ಸುಮಿತ್ರಾಬಾಯಿಯೂ ಒಳಗೆ ಕೂತಳು. ತನ್ನ ಮನೆಯಲ್ಲಿ ತನಗೇ ಜಾಗವಿಲ್ಲದೆ ಗುರುರಾಜ ಜೀಪಿನ ಮುಂದಿನ ಸೀಟು ಹತ್ತಿದ.

ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ನಿಂತಿತು. ಗುರುಲಿಂಗಯ್ಯನವರು ತಂಗಿಯ ಮಗಳ ಮನೆಗೆ ಹೋಗಿ ಬಾಗಿಲಿಗೆ ಕೀಲಿ ಇದ್ದದ್ದನ್ನು ನೋಡಿಕೊಂಡು ತಿರುಗಿ ಬಂದರು. ಅವರು ಬರುವಷ್ಟರಲ್ಲಿ ಬಿಳಿಯ ಬಣ್ಣದ, ಕಿಟಕಿಯ ಈ ವಿಚಿತ್ರ ಗಾಡಿಯ ಸುತ್ತ ಜನ ಸೇರಿ, ಯಾರೋ ಒಬ್ಬರು ಇದು ಕಣ್ಣು ನೋಡುವ ದವಾಖಾನೆಯ ಗಾಡಿ ಎಂದು ಹೇಳಿ, ಸಾಲು ಕೂಡ ನಿಂತಾಗಿತ್ತು. ಚಹಾ ಕುಡಿದು ಗುರುರಾಜ ತಿರುಗಿ ಬಂದರೆ ಒಳಗಿನ ಬೆಂಚಿನ ಮೇಲೆ ಒಬ್ಬ ಮುದುಕ ಎರಡೂ ಕಣ್ಣನ್ನು ಬೆರಳಿನಿಂದ ಅಗಲಿಸಿಕೊಂಡು ಕೂತಿದ್ದಾನೆ.

"ಅಜ್ಜಾ, ಇದು ದವಾಖಾನಿ ಅಲ್ಲ."

"ಹೌದ್ರಿ ಡಾಕ್ಟ್ರ. ಮೊದಲ ಎಡಗಣ್ಣು ನೋಡ್ರಿ."

"ನಾ ಡಾಕ್ಟರ್ ಅಲ್ಲ, ಅಜ್ಜಾ!"

"ದೊಡ್ಡ ಡಾಕ್ಟರ್ ಎಲ್ಲಾರೂ ಹಂಗೇ ಅಂತಾರಂತ್ರಿ" ಎಂದು ಮುದುಕ ಕದಲಲಿಲ್ಲ. ಹೊರಗೆ ಗುರುಲಿಂಗಯ್ಯನವರು ಪೋಸ್ಟ್ ಆಫೀಸಿನ ಹಳೆಯ ದನಿಯಲ್ಲಿ, "ಲೈನ್ ಹಚ್ಚಿ ಬರ್ರಿ, ಗದ್ಲಾ ಮಾಡಬ್ಯಾಡ್ರಿ" ಎಂದು ಕೂಗುತ್ತಿದ್ದರು. ಬೇರೆ ದಾರಿ ಕಾಣದೆ ಗುರುರಾಜ ಬಗ್ಗಿ ಆ ಕಣ್ಣಿನೊಳಗೆ ನೋಡಿದ. ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಏನು ಹೇಳುವುದು? "ಛಲೋ ಅದ ಅಜ್ಜಾ" ಎಂದುಬಿಟ್ಟ.

"ಛಲೋ ಅದ? ಹಂಗಾರ ನನಗ ಯಾಕ ಕಾಣಂಗಿಲ್ಲ?"

ಗುರುರಾಜ ಅವನ ಪಕ್ಕ ಕೂತ. ಪೊರೆ ತೆಗೆಯುತ್ತಾರೆ, ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗು ಎಂದು ಸಮಾಧಾನವಾಗಿ ಹೇಳಿ, ಕೈಹಿಡಿದು ಇಳಿಸಿ, ಸಾಲಿನಲ್ಲಿದ್ದವರು ಬೈಯುತ್ತಿರುವಂತೆಯೇ ಜೀಪು ಹೊರಡಿಸಿದ. ಗುರುಲಿಂಗಯ್ಯನವರು ಇಳಿಯುವ ಮಾತೇ ಎತ್ತಲಿಲ್ಲ. "ಅವರು ಊರಾಗಿಲ್ಲ. ಇನ್ನ ಚಿಂಚೋಳಿನೇ ನೋಡಿಬಿಡ್ತೀವಿ" ಎಂದರು.

ಕಾಳಗಿಯಲ್ಲಿ ಸಂತೆ ಭರ್ತಿಯಾಗಿತ್ತು. ಸೈದಾನಬಿ ಇಳಿಯುತ್ತಾಳೆ, ಒಬ್ಬರಾದರೂ ಕಡಿಮೆಯಾಗುತ್ತಾರೆ ಎಂದು ಗುರುರಾಜ ಕಾದ. ಅವಳು ಬಿಸಿಲು ನೋಡಿದಳು, ನೆಲ ನೋಡಿದಳು, ಗಾಲಿಮನೆಯ ಕಿಟಕಿ ನೋಡಿದಳು. ಕಿಟಕಿ ತೆರೆದು ಅಲ್ಲಿಯೇ ಬಳೆ ತೂಗುಹಾಕಿದಳು. ಗಳಿಗೆಯಲ್ಲಿ ಹೆಂಗಸರು ಮುಗಿಬಿದ್ದರು. ನೆರಳು, ಕೂಡಲು ಬೆಂಚು, ಕಾಲಿಗೆ ತಣ್ಣನೆಯ ಕಲ್ಲು. ಬಳೆ ತೊಡಿಸಿಕೊಳ್ಳಲು ಇಂಥ ಅರಮನೆ ಅವರಿಗೆ ಯಾವ ಸಂತೆಯಲ್ಲಿ ಸಿಕ್ಕೀತು?

ಜೀಪಿನ ನೆರಳಿನಲ್ಲಿ ಕೂತ ಗುರುರಾಜನಿಗೆ ಒಳಗಿನಿಂದ ಒಂದು ನಗು ಕೇಳಿಸಿತು. ಯಾರದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಹೋಗಿ ಇಣುಕಿದ. ಸುಮಿತ್ರಾಬಾಯಿ ಒಬ್ಬ ಹುಡುಗಿಯ ಸೆರಗು ಹಿಡಿದು, "ಈ ಬಣ್ಣಕ್ಕ ಹಸರು ಹಾಕ್ಕೊಂಡ್ರ ಹೊಂದಂಗಿಲ್ಲ ತಂಗಿ. ಸೈದಾನಬಿ, ಆ ಈರುಳ್ಳಿಬಣ್ಣದ್ದು ತೆಗಿ. ನಡುವ ಒಂದೊಂದು ಕರೇದು ಹಾಕು. ನೋಡು ಈಗ!" ಎನ್ನುತ್ತಿದ್ದಳು. ಹುಡುಗಿ ಕೈ ತಿರುಗಿಸಿ ನೋಡಿಕೊಂಡು ಏನೋ ಅಂದಳು. ಸುಮಿತ್ರಾಬಾಯಿ ಮತ್ತೆ ನಕ್ಕಳು. ಗುರುರಾಜ ಸದ್ದಿಲ್ಲದೆ ಹಿಂದೆ ಬಂದ. ಈ ನಗು ಎಷ್ಟು ಕಾಲದಿಂದ ಅವಳಲ್ಲಿತ್ತು? ತನ್ನ ಮುಂದೆ ಯಾಕೆ ಹೊರಗೆ ಬಂದಿರಲಿಲ್ಲ? ಚಂದ್ರಂಪಳ್ಳಿ ಮುಟ್ಟಲಿ, ಎಲ್ಲರನ್ನೂ ಮಜೀದಸಾಬನ ಜೊತೆ ತಿರುಗಿ ಕಳಿಸಿ, ಮೊದಲು ಇದನ್ನೇ ಕೇಳಬೇಕು ಎಂದುಕೊಂಡ.

ಸೈದಾನಬಿಯ ಅರ್ಧ ಗಂಟು ಖಾಲಿಯಾಗಿತ್ತು. ಖುಷಿಯಲ್ಲಿ ಅವಳೂ ಇಳಿಯಲಿಲ್ಲ. "ಚಿಂಚೋಳ್ಯಾಗೂ ಹೆಣ್ಮಕ್ಳು ಅದಾರಲ್ರಿ ಸಾಬ್" ಎಂದಳು.

ಚಿಂಚೋಳಿ ದಾಟಿ ಕಾಡಿನ ಕಡೆ ಏರು ಶುರುವಾಯಿತು. ಜೀಪು ಮೊದಲು ನರಳಿತು, ಆಮೇಲೆ ಕೆಮ್ಮಿತು, ಆಮೇಲೆ ಹಬ್ಬದ ಮನೆಯ ಹಂಡೆಯಂತೆ ಮೂತಿಯಿಂದ ಉಗಿ ಬಿಟ್ಟು ನಿಂತಿತು.

"ಎಲ್ಲಾರೂ ಇಳೀರಿ!" ಎಂದು ಕೂಗಿದ ಮಜೀದಸಾಬ. "ಸಾಬ್, ನನ್ನ ಜೀಪು ಗಾಡಿ ಎಳೀತದ್ರಿ. ಕಲ್ಲಿನ ಕ್ವಾರಿ ಎಳಿಯಂಗಿಲ್ಲ. ಕೆಳಗ ಏನ್ ಹಾಕ್ಸೀರಿ?"

ಹೆಂಗಸರು ಇಳಿದರು. ಗಾಲಿಗೆ ಅಡ್ಡ ಕೊಡಲು ಗುರುರಾಜ ಕಲ್ಲು ಹುಡುಕುತ್ತಿದ್ದ. ಮಜೀದಸಾಬ ಇನ್ನೊಮ್ಮೆ ಎಳೆಯಲು ನೋಡಿದ. ಟಣ್ ಎಂದು ಕೊಂಡಿಯ ಪಿನ್ನು ಮುರಿಯಿತು. ಗಾಲಿಮನೆ ಒಂದು ಕ್ಷಣ ಯೋಚಿಸಿದಂತೆ ನಿಂತು, ಹಿಂದಕ್ಕೆ ಹೊರಟಿತು. ಅವಸರವೇನೂ ಮಾಡಲಿಲ್ಲ. ತವರಿಗೆ ಹೊರಟ ಹಿರಿಯ ಸೊಸೆಯಂತೆ ಗಂಭೀರವಾಗಿ ಇಳಿದು, ರಸ್ತೆ ಬಿಟ್ಟು, ಹಳದಿ ಹೂ ಬಿಟ್ಟಿದ್ದ ತೊಗರಿ ಹೊಲವನ್ನು ಸೀಳಿಕೊಂಡು ಹೋಗಿ, ಎರೆಮಣ್ಣಿನಲ್ಲಿ ಗಾಲಿ ಹೂತು ನಿಂತಿತು.

"ಅಯ್ಯೋ, ನಮ್ಮವರು!" ಎಂದು ಚೀರಿದಳು ನೀಲಾಬಾಯಿ. ಊಟವಾದ ಮೇಲೆ ಗುರುಲಿಂಗಯ್ಯನವರು ಒಳಗೆ ನಿದ್ದೆ ಮಾಡುತ್ತಿದ್ದುದು ಆಗ ಎಲ್ಲರಿಗೂ ನೆನಪಾಯಿತು.

ಎಲ್ಲರೂ ಓಡಿದರು. ಬಾಗಿಲು ತೆರೆದುಕೊಂಡಿತು. ಗುರುಲಿಂಗಯ್ಯನವರು ಕಣ್ಣುಜ್ಜಿಕೊಳ್ಳುತ್ತ ಸುತ್ತಲಿನ ಹಳದಿ ಹೂಗಳನ್ನು ನೋಡಿ, "ಬಂತೇನ್ರಿ ಚಂದ್ರಂಪಳ್ಳಿ? ನೀರೇ ಕಾಣವಲ್ದು" ಎಂದರು.

ಅಷ್ಟರಲ್ಲಿ ಹೊಲದ ಒಡೆಯ ಚಂದ್ರಾಮಪ್ಪ ಬಡಿಗೆ ಹಿಡಿದು ಓಡಿಬಂದ. ಬಂದವನು ಗಾಲಿಮನೆಯನ್ನು ಮೇಲಿಂದ ಕೆಳಗೆ ನೋಡಿ, ಬಡಿಗೆ ಇಳಿಸಿ, "ಮುಂಜಾನಿ ಇರಲಿಲ್ಲಲ್ಲಪಾ ಇದು! ಇಷ್ಟ ಲಗೂ ಯಾವಾಗ ಕಟ್ಟಿದ್ರಿ ಮನಿ?" ಎಂದ. ಗುರುರಾಜ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದ. ಕೇಳಿ ಕೇಳಿ ಚಂದ್ರಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರ್ಲಿ ಬಿಡ್ರಿ, ನಾಕು ಗಿಡ ಹೋದ್ರ ಏನಾತು. ಸಂಜಿಗೆ ಎತ್ತು ಹಚ್ಚಿ ಎಳದುಕೊಡ್ತೀನಿ. ಎತ್ತು ಈಗ ಮೇಯಲಿಕ್ಕ ಹೋಗ್ಯಾವ."

ಮಜೀದಸಾಬ ಪಿನ್ನು ಮಾಡಿಸಲು ಚಿಂಚೋಳಿಗೆ ಹೊರಟ. ವೆಲ್ಡಿಂಗ್ ಸರಿಯಾಗಿ ಮಾಡಿಸಬೇಕು ಎಂದು ಗುರುಲಿಂಗಯ್ಯನವರೂ ಜೀಪು ಹತ್ತಿದರು. ಚಂದ್ರಾಮಪ್ಪನ ಹೆಂಡತಿಗೆ ಬಳೆ ಬೇಕಿತ್ತು, ಅವರ ಗುಡಿಸಲಿನ ಕಡೆ ಸೈದಾನಬಿ ನಡೆದಳು, ಹಿಂದೆ ನೀಲಾಬಾಯಿ. ಸುಮಿತ್ರಾಬಾಯಿ ಕೂಡ ಸೆರಗು ಸರಿಪಡಿಸಿಕೊಂಡಳು.

"ನೀ ನಿಲ್ಲು ಸುಮಿತ್ರಾ" ಎಂದ ಗುರುರಾಜ.

ಹೀಗೆ, ಜಲಾಶಯವಿಲ್ಲದಿದ್ದರೂ, ಕಾಡಿಲ್ಲದಿದ್ದರೂ, ಒಂದು ಕಡೆ ವಾಲಿದ್ದರೂ, ಗಾಲಿಮನೆಯಲ್ಲಿ ಕಡೆಗೂ ಇಬ್ಬರೇ ಉಳಿದರು. ಎದುರುಬದುರು ಬೆಂಚಿನಲ್ಲಿ ಕೂತರು. ನೆಲ ಇಳಿಜಾರಾಗಿದ್ದರಿಂದ ಗುರುರಾಜ ಮೇಲೆ, ಸುಮಿತ್ರಾಬಾಯಿ ಕೆಳಗೆ. ಕಿಟಕಿಯಲ್ಲಿ ತೊಗರಿ ಹೂವು, ಜೇನುಹುಳದ ಗುಂಯ್‌ಗುಡುವಿಕೆ. ಗುರುರಾಜ ಗಂಟಲು ಸರಿಮಾಡಿಕೊಂಡ. ತಿಂಗಳುಗಟ್ಟಲೆ ಸೂರು ಕೆತ್ತುವಾಗ, ಗ್ರೀಸು ಹಚ್ಚುವಾಗ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಮಂದಿ ನೋಡು" ಎಂದ ಕಡೆಗೆ. "ಯಾರಿಗೂ ಹೇಳಬ್ಯಾಡ ಅಂದಿದ್ದೆ. ಹ್ಯಾಂಗ ಗೊತ್ತಾತೋ ಏನೋ. ಹೇಳದೆ ಕೇಳದೆ ಬಂದು ಕುಂತ್ರು."

ಸುಮಿತ್ರಾಬಾಯಿ ತನ್ನ ಕೈ ನೋಡಿಕೊಂಡಳು.

"ನಾನೇ ಕರದೆ" ಎಂದಳು.

"ಏನಂದಿ?"

"ಅವರನ್ನ ನಾನೇ ಕರದೆ. ಮೂರೂ ಮಂದಿನ. ಹೆದರಿಕಿ ಆಗಿತ್ತು ನನಗ."

"ಯಾರದು ಹೆದರಿಕಿ? ನನ್ನದೇ?"

"ಅಲ್ರಿ, ಲಗ್ನ ಆದಾಗಿಂದ ಒಂದು ದಿನಾನೂ ನೀವು ಬಾಗಿಲ ಹಾಕ್ಕೊಂಡು ಮಾತಾಡೋಣು ಅಂದವರಲ್ಲ. ಒಮ್ಮಿಂದೊಮ್ಮೆ ಅಂದ್ರ ಏನ್ ತಿಳ್ಕೋಬೇಕು? ಕಾರ್ಖಾನ್ಯಾಗ ಧೂಳು ಕುಡದು ಕುಡದು ಕೆಮ್ಮತೀರಿ. ಡಾಕ್ಟರ್ ಏನರೆ ಹೇಳಿರಬೇಕು, ಅದನ್ನ ಹೇಳಲಿಕ್ಕೆ ಊರ ಹೊರಗ ಕರಕೊಂಡು ಹೊಂಟಾರ ಅಂತ... ಅಂಥಾದ್ದು ಕೇಳೋ ಹೊತ್ತಿನಾಗ ಒಬ್ಬಾಕಿ ಇರಬಾರದು ಅನಿಸ್ತು. ನೀಲಕ್ಕ ಬಾಜೂಕ ಇದ್ರ ಧೈರ್ಯ ಇರ್ತದ."

ಗುರುರಾಜ ದಂಗಾಗಿ ಕೂತ. ತಾನು ಪಿಸುಮಾತಿನಲ್ಲಿ ಕರೆದ ದಿನದಿಂದ ಅವಳು ಈ ಭಯವನ್ನು ಹೊತ್ತುಕೊಂಡೇ ಓಡಾಡಿದ್ದಳೇ? ಅವನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು.

"ಹುಚ್ಚಿ, ನನಗೇನೂ ಆಗಿಲ್ಲ. ಗಟ್ಟಿಮುಟ್ಟ ಇದ್ದೀನಿ. ನಿನ್ನ ಜೋಡಿ ಸುಮ್ನ ನಾಕು ಮಾತಾಡ್ಬೇಕು ಅನಿಸಿತ್ತು, ಅಷ್ಟೇ. ವಾಣಿ ಹೋದ ಮ್ಯಾಲ ಮನ್ಯಾಗ ಇಬ್ಬರೂ ಮೂಕರಾಗೀವಿ."

"ಇಷ್ಟೇ?"

"ಇಷ್ಟೇ."

"ಇಷ್ಟಕ್ಕ ಇದನ್ನ ಕೊಂಡ್ರಿ?"

"ಹೂಂ."

ಸುಮಿತ್ರಾಬಾಯಿ ನಕ್ಕಳು. ಕಾಳಗಿಯಲ್ಲಿ ಕೇಳಿದ ಅದೇ ನಗು. ಈಗ ಅವನ ಎದುರಿಗೇ, ಅವನಿಗಾಗಿಯೇ. ಆಮೇಲೆ ಕಟ್ಟೆ ಒಡೆದಂತೆ ಅವಳು ಮಾತಾಡಿದಳು. ವಾಣಿಯ ಅತ್ತೆಯ ಬಗ್ಗೆ, ಮಧ್ಯಾಹ್ನದ ಹೊತ್ತು ಖಾಲಿ ಮನೆ ಮೈಮೇಲೆ ಬರುವ ಬಗ್ಗೆ, ಮಗಳ ಹಳೆಯ ಲಂಗಗಳನ್ನು ಮತ್ತೆ ಮತ್ತೆ ಮಡಚಿಡುವ ಬಗ್ಗೆ. ಅವಳು ಒಬ್ಬಳೇ ಕೂತು ರೇಡಿಯೋದ ಜೊತೆ ಜಗಳ ಆಡುತ್ತಾಳಂತೆ! ಇದೊಂದೂ ಗುರುರಾಜನಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಇಷ್ಟು ದೂರದ ಊರಿನವರಾಗಿದ್ದೆವಲ್ಲ ಎಂದುಕೊಂಡ. ಮಾಡಿದ ಖಟಪಟಿಯೆಲ್ಲ ಸಾರ್ಥಕವಾಯಿತೆನಿಸಿ ಅವನ ಎದೆ ಹೂವಿನಷ್ಟು ಹಗುರವಾಯಿತು.

"ಸುಮಿತ್ರಾ, ನಿನಗ ಏನ್ ಬೇಕು ಕೇಳು. ಇವತ್ತ ಇಲ್ಲ ಅನ್ನಂಗಿಲ್ಲ."

"ಖರೇ?"

"ಖರೇ. ಇನ್ನ ಪ್ರತಿ ಐತವಾರ ಹಿಂಗ ಬರೋಣು, ಇಬ್ಬರೇ."

ಅವಳು ಸ್ವಲ್ಪ ಯೋಚಿಸಿದಳು. "ಐತವಾರ ಆಗಂಗಿಲ್ರಿ."

"ಯಾಕ?"

"ಐತವಾರ ಕಾಳಗಿ ಸಂತಿ."

"ಸಂತಿಗೂ ನಮಗೂ ಏನು?"

"ಮುಂಜಾನಿ ಹೆದರಿಕಿ ಇತ್ತು, ಹೇಳಲಿಲ್ಲ. ಈಗ ಹೇಳ್ತೀನಿ. ಸೈದಾನಬಿ ಕಾಳಗ್ಯಾಗೇ ಕೇಳಿದಳು. 'ಬಾಯೋರ, ಬಳಿ ನನ್ನದು, ಕಣ್ಣು ನಿಮ್ಮದು. ಸೀರಿಗಿ ಹೊಂದಿಸಿ ನೀವು ಹೇಳ್ರಿ, ನಾ ತೊಡಿಸ್ತೀನಿ. ಇಬ್ಬರೂ ಕೂಡಿ ಸಂತಿ ಮಾಡೋಣು' ಅಂದ್ಲು. ನನಗ ಭಾಳ ಮನಸಾಗ್ಯದ. ಸೋಮವಾರ ಚಿತ್ತಾಪುರ, ಆಮ್ಯಾಲ ಸೇಡಂ, ಮಳಖೇಡ, ಶಹಾಬಾದ. ಒಂದು ಬಾಜೂಕ ಬಳಿ, ಇನ್ನೊಂದು ಬಾಜೂಕ ನನ್ನ ಹೊಲಿಗಿ ಮಷೀನ್. ನೀಲಕ್ಕನೂ ಬರ್ತಾಳ, ಕುಪ್ಪಸಕ್ಕ ಗುಂಡಿ ಹಚ್ಚಲಿಕ್ಕ. ಮಜೀದಸಾಬ ಜೀಪಿಗೆ ಹೂಂ ಅಂದಾನ."

"ಮತ್ತ... ಇಷ್ಟೆಲ್ಲಾ ಎಲ್ಲಿ ಇಡ್ತೀರಿ?"

"ಇದರಾಗೇ" ಎಂದು ಅವಳು ಬೆಂಚು ತಟ್ಟಿದಳು.

"ಮತ್ತ ನಾನು?"

"ನಿಮಗ ಡ್ಯೂಟಿ ಇರ್ತದಲ್ರಿ. ಮುಂಜಾನಿ ಅಡಿಗಿ ಮಾಡಿ ಮುಚ್ಚಿಟ್ಟು ಹೋಗ್ತೀನಿ. ಶನಿವಾರ ಸಂಜಿಗೆ ಗಾಲಿಗೆ ಗ್ರೀಸ್ ತುಂಬಿಕೊಟ್ರ ಸಾಕು. ಆ ಕೆಲಸ ನಿಮ್ಮಷ್ಟು ಛಂದ ಯಾರೂ ಮಾಡಂಗಿಲ್ಲ."

ಗುರುರಾಜ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಮಗಳ ಮದುವೆಯ ಚಪ್ಪರದಲ್ಲಿ ಕೂಡ ಆ ಮುಖದಲ್ಲಿ ಈ ಕಳೆ ಇರಲಿಲ್ಲ. ಮಾತಾಡು ಮಾತಾಡು ಎಂದು ಕಾಡಿ, ಮಾತಾಡಿದ ಮೇಲೆ ಇದಲ್ಲ, ಬೇರೆ ಮಾತಾಡು ಎನ್ನುವುದು ಯಾವ ನ್ಯಾಯ? ತೆರೆದ ಬಾಯಲ್ಲಿ ಒಂದೇ ಪದ ಉಳಿದಿತ್ತು.

"ಆಗ್ಲಿ" ಎಂದ.

ಸಂಜೆ ಎತ್ತುಗಳು ಬಂದವು. ಚಂದ್ರಾಮಪ್ಪ ಹಗ್ಗ ಕಟ್ಟಿ, ಎಲ್ಲರೂ ಹೆಗಲು ಕೊಟ್ಟು, ಗಾಲಿಮನೆ ಮಣ್ಣು ಬಿಟ್ಟು ರಸ್ತೆ ಹತ್ತಿತು. ಹೊಸ ಪಿನ್ನು ಬಿತ್ತು. ಇವತ್ತು ರಾತ್ರಿ ಇಲ್ಲಿಯೇ ಇರೋಣ, ನೀರಿನ ದಂಡೆ ಇ‌ಲ್ಲದಿದ್ದರೂ ಹೊಲವಾದರೂ ಇದೆಯಲ್ಲ ಎಂದು ಗುರುರಾಜ ಕಡೆಯ ಆಸೆಯಿಂದ ಕೇಳಿದ.

"ನಾಳೆ ಚಿತ್ತಾಪುರ ಸಂತಿ ಅದ, ಮರತ್ರೇನು?" ಎಂದಳು ಸುಮಿತ್ರಾಬಾಯಿ.

ಜೀಪು ವಾಡಿಯ ಕಡೆ ತಿರುಗಿತು. ಹಿಂದೆ ಗಾಲಿಮನೆಯಲ್ಲಿ ಮೂವರು ಹೆಂಗಸರ ಮಾತು, ಬಳೆಯ ಸದ್ದು, ನಡುನಡುವೆ ಆ ನಗು. ಏತಕ್ಕೆ ನಗುತ್ತಿದ್ದಾಳೋ ತಿಳಿಯಬೇಕೆನಿಸಿ, ಸ್ವಲ್ಪ ದೂರ ಹೋದ ಮೇಲೆ ಗುರುರಾಜ ಜೀಪು ನಿಲ್ಲಿಸಲು ಹೇಳಿದ. ಇಳಿದು ಹೋಗಿ ಒಳಗೆ ಕೂಡಲು ನೋಡಿದ. ಎರಡೂ ಬೆಂಚಿನ ಮೇಲೆ ಬಣ್ಣಬಣ್ಣದ ಬಳೆಗಳನ್ನು ಹರವಿಕೊಂಡು ನಾಳೆಯ ಸಂತೆಗೆ ಜೋಡಿ ಹಚ್ಚುತ್ತಿದ್ದರು.

"ಕಾಲಿಡಲಿಕ್ಕೂ ಜಾಗ ಇಲ್ರಿ" ಎಂದಳು ಸುಮಿತ್ರಾಬಾಯಿ ಪ್ರೀತಿಯಿಂದಲೇ. "ಒಡೀತಾವ. ನೀವು ಮುಂದ ಕುಂದ್ರಿ."

ಅವನು ತಿರುಗಿ ಬಂದ. ಗುರುಲಿಂಗಯ್ಯನವರು ಸೀಟಿನಲ್ಲಿ ಸರಿದು, ಪಕ್ಕದ ಜಾಗವನ್ನು ಟವೆಲಿನಿಂದ ಜಾಡಿಸಿ, ಅವನ ತೊಡೆಯ ಮೇಲೆ ಕೈಯಿಟ್ಟು ಸಂತೋಷದಿಂದ ಹೇಳಿದರು:

"ಬರ್ರಿ ರಾಯರ. ಇನ್ನ ಅವರು ಸಂತಿಗೆ, ಮನ್ಯಾಗ ನಾವಿಬ್ಬರೇ. ದಿನಾ ಸಂಜಿಗೆ ನಿವಾಂತ ಕುಂತು ಮಾತಾಡೋಣು."